ಪಿಯುಸಿ ಮುಗಿಸಿ ಬಂದ ಮಗಳಿಗೆ ಬಯಾಲಜಿ: ಕಮ್ಯೂನಿಟಿ ಕಾಲೇಜಿನಿಂದ ಯೂಸಿಗೆ ಹೋದವರು ಯಾರಾದರೂ ಇದ್ದೀರಾ?

ಮಲ್ಲಿಗೆಮೊಗ್ಗು

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು, ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಯಜಮಾನರು ಎಚ್-1ಬಿ (ಕೆಲಸದ ವೀಸಾ) ಮೇಲೆ ಬಂದು ಮೂರು ವರ್ಷ ಆಯಿತು. ಮಗಳ ಪಿಯುಸಿ ಕೆಡಬಾರದು ಅಂತ ನಾನೂ ಅವಳೂ ಊರಲ್ಲೇ ಉಳಿದಿದ್ದೆವು. ಇಬ್ಬರೂ ಎಚ್-4 (ಅವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ) ಮೇಲೆ ಮೇ ತಿಂಗಳಲ್ಲಿ ಬಂದೆವು.

ಅವಳದು ಪಿಸಿಎಂಬಿ, 91 ಪರ್ಸೆಂಟ್. ನೀಟ್ ಬರೆದಿದ್ದಳು, ರ್‍ಯಾಂಕ್ ಇಲ್ಲಿ ಹೇಳುವಂಥದ್ದೇನಲ್ಲ. ಈಗ "ಡಾಕ್ಟರ್ ಆಗೋದು ನಿಮ್ಮ ಆಸೆ, ನನಗೆ ಬಯಾಲಜಿ ಓದಬೇಕು ಅಷ್ಟೇ" ಅಂತಾಳೆ. ಯೂನಿವರ್ಸಿಟಿಗಳ ಅರ್ಜಿ ಕಳೆದ ನವೆಂಬರ್‌ನಲ್ಲೇ ಮುಗಿದಿದೆಯಂತೆ. ಪಕ್ಕದ ಮನೆಯವರು ಡಿ ಆಂಜಾ ಇಲ್ಲವೇ ಫುಟ್‌ಹಿಲ್ ಅನ್ನೋ ಕಮ್ಯೂನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜಂತೆ) ಸೇರಿಸಿ, ಎರಡು ವರ್ಷ ಆದಮೇಲೆ ಯೂಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವುದಾದರೂ ಕ್ಯಾಂಪಸ್‌ಗೆ, ಟ್ರಾನ್ಸ್‌ಫರ್ ಆಗಬಹುದು ಅಂದರು. ನಿಜವಾಗಲೂ ಆಗುತ್ತಾ? ಊರಲ್ಲಿ ಅತ್ತೆಗೆ ಏನು ಹೇಳಲಿ ಅನ್ನೋದು ಇನ್ನೊಂದು ತಲೆನೋವು. ನವೆಂಬರ್‌ಗೆ ಅವಳಿಗೆ 18 ತುಂಬುತ್ತೆ.

ಕುಪರ್ಟಿನೋಮಾವ

ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಕಮ್ಯೂನಿಟಿ ಕಾಲೇಜು ಅಂದರೆ ನಮ್ಮೂರ ಟ್ಯುಟೋರಿಯಲ್ ಇದ್ದ ಹಾಗೆ. ಯಾರು ಬೇಕಾದರೂ ಸೇರಬಹುದು. 91 ತೆಗೆದ ಹುಡುಗಿ ಅಲ್ಲಿ ಹಾಳಾಗುತ್ತಾಳೆ. ಒಂದು ವರ್ಷ ಮನೆಯಲ್ಲೇ ಓದಿಸಿ, ಮುಂದಿನ ಸಲ ನೇರವಾಗಿ ಯೂನಿವರ್ಸಿಟಿಗೆ ಅರ್ಜಿ ಹಾಕಿಸಿ.

ಕಾಫಿಪುಡಿ

ಮಾವ, ಯಾರು ಬೇಕಾದರೂ ಸೇರಬಹುದು ನಿಜ. ಆದರೆ ಯಾರು ಬೇಕಾದರೂ ಪಾಸಾಗಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸಿಗೆ ಮೊದಲ ವಾರ ಹೋಗಿ ತಲೆ ಎಣಿಸಿ, ಕೊನೆಯ ವಾರ ಮತ್ತೊಮ್ಮೆ ಎಣಿಸಿ. ಗೊತ್ತಾಗುತ್ತೆ.

ಮಲ್ಲಿಗೆಯವರೇ, ನಾನು ಇದೇ ದಾರಿಯಲ್ಲಿ ಬಂದವಳು. ಸೌತ್ ಬೇಯ ಒಂದು ಕಮ್ಯೂನಿಟಿ ಕಾಲೇಜು, ಆಮೇಲೆ ಯೂಸಿ ಡೇವಿಸ್. ಈಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಬಯೋಟೆಕ್ ಕಂಪನಿಯ ಲ್ಯಾಬ್‌ನಲ್ಲಿದ್ದೇನೆ. ನನ್ನ ಡಿಗ್ರಿ ಮೇಲೆ ಡೇವಿಸ್ ಹೆಸರು ಮಾತ್ರ ಇದೆ. ಮೊದಲೆರಡು ವರ್ಷ ಎಲ್ಲಿ ಓದಿದೆ ಅಂತ ಆಫೀಸಿನಲ್ಲಿ ಯಾರೂ ಕೇಳಿಲ್ಲ.

ಅತ್ತೆಗೆ ಹೇಳೋಕೆ ಒಂದು ಹೆಸರು ಕೊಡ್ತೀನಿ: ಕ್ರೇಗ್ ವೆಂಟರ್. 2000ದ ಜೂನ್‌ನಲ್ಲಿ ಮಾನವ ಜೀನೋಮ್‌ನ ಕರಡು ಸಿದ್ಧವಾಯಿತು ಅಂತ ವೈಟ್ ಹೌಸ್‌ನಲ್ಲಿ ಘೋಷಣೆ ಆದಾಗ ಕ್ಲಿಂಟನ್ ಪಕ್ಕ ನಿಂತಿದ್ದ ಇಬ್ಬರು ವಿಜ್ಞಾನಿಗಳಲ್ಲಿ ಒಬ್ಬರು. ವಿಯೆಟ್ನಾಂನಿಂದ ಮರಳಿದ ಮೇಲೆ ಅವರು ಮೊದಲು ಸೇರಿದ್ದು ಕಾಲೇಜ್ ಆಫ್ ಸ್ಯಾನ್ ಮಟೇಯೋ. ಅದು ಕಮ್ಯೂನಿಟಿ ಕಾಲೇಜು, ನಿಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅಲ್ಲಿಂದ ಯೂಸಿ ಸ್ಯಾನ್ ಡಿಯಾಗೋಗೆ ಟ್ರಾನ್ಸ್‌ಫರ್ ಆದರು.

ಈಗ ಕೆಲಸದ ಮಾತು. ಬಯಾಲಜಿ ಓದುವವರ ಟೈಮ್‌ಟೇಬಲ್ ಹಿಡಿದು ಕೂತಿರೋದು ಬಯಾಲಜಿ ಅಲ್ಲ, ಕೆಮಿಸ್ಟ್ರಿ. ಇದು ಮೊದಲೇ ಗೊತ್ತಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಡಿ ಆಂಜಾದ್ದೇ ಉದಾಹರಣೆ ತಗೊಳ್ಳಿ. ಅದು ಕ್ವಾರ್ಟರ್ ಪದ್ಧತಿ, ಸೆಮಿಸ್ಟರ್ ಥರವೇ ಆದರೆ ಚಿಕ್ಕದು, ಒಂದೊಂದು ಕ್ವಾರ್ಟರ್ 12 ವಾರ. ಮೇಜರ್‌ನವರ (ಅದನ್ನೇ ಮುಖ್ಯ ವಿಷಯವಾಗಿ ಓದುವವರ) ಬಯಾಲಜಿ ಅಂದರೆ 6ಎ, 6ಬಿ, 6ಸಿ, ಒಂದು ವರ್ಷದ ಸರಣಿ. ಜನರಲ್ ಕೆಮಿಸ್ಟ್ರಿ 1ಎ, 1ಬಿ, 1ಸಿ, ಅದೂ ಒಂದು ವರ್ಷ. ಆರ್ಗ್ಯಾನಿಕ್ 12ಎ, 12ಬಿ, 12ಸಿ, ಇನ್ನೊಂದು ವರ್ಷ. ಜನರಲ್ ಮುಗಿಯದೆ ಆರ್ಗ್ಯಾನಿಕ್‌ಗೆ ಕೂರಿಸಲ್ಲ. ಇದರ ಜೊತೆ ಕ್ಯಾಲ್ಕುಲಸ್, ಇಂಗ್ಲಿಷ್, ಕೆಲವು ಕ್ಯಾಂಪಸ್‌ಗಳಿಗೆ ಫಿಸಿಕ್ಸ್ ಕೂಡ. ಒಂದರ ಬಾಲ ಇನ್ನೊಂದು ಹಿಡಿದುಕೊಂಡಿರುತ್ತೆ. ಸೆಪ್ಟೆಂಬರ್‌ನಲ್ಲಿ ಕೆಮ್ 1ಎ ಸಿಗದಿದ್ದರೆ ಕೇವಲ ಮೂರು ತಿಂಗಳು ಹೋಗಲ್ಲ, ಎಷ್ಟೋ ಸಲ ಇಡೀ ವರ್ಷವೇ ಹೋಗುತ್ತೆ.

ನನಗೆ ಆಗಿದ್ದು ಇದೇ. ನನ್ನ ಕೌನ್ಸೆಲರ್ "ಮೊದಲು ಜನರಲ್ ಎಜುಕೇಶನ್ ಎಲ್ಲಾ ಮುಗಿಸು, ಸೈನ್ಸ್ ನಿಧಾನಕ್ಕೆ" ಅಂದರು. ಒಳ್ಳೆಯ ಹುಡುಗಿ ಥರ ಕಲಾ ಇತಿಹಾಸ, ಸಮಾಜಶಾಸ್ತ್ರ, ಸಿನಿಮಾ ವಿಮರ್ಶೆ ಎಲ್ಲಾ ತಗೊಂಡೆ. ಎಲ್ಲದರಲ್ಲೂ ಎ. ವರ್ಷದ ಕೊನೆಗೆ ನೋಡಿದರೆ ಕೈಯಲ್ಲಿ ಒಂದು ಕೆಮಿಸ್ಟ್ರಿ ಕೋರ್ಸೂ ಇಲ್ಲ. ಎರಡು ವರ್ಷದ ದಾರಿ ಮೂರಾಯಿತು. ಬೇರೆ ಮೇಜರ್‌ನವರಿಗೆ ಆ ಸಲಹೆ ಸರಿ. ಸೈನ್ಸ್‌ನವರಿಗೆ ಮೇಜರ್‌ನ ತಯಾರಿ ಮೊದಲು, ಉಳಿದದ್ದು ಸಂದಿಯಲ್ಲಿ.

ಅಸಿಸ್ಟ್ ಡಾಟ್ ಆರ್ಗ್ ಅಂತ ಒಂದು ತಾಣ ಇದೆ. ಯಾವ ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯೂಸಿಯ ಯಾವ ಕೋರ್ಸಿಗೆ ಸಮ ಅನ್ನೋದು ಅದರಲ್ಲಿ ಅಧಿಕೃತವಾಗಿ ಇರುತ್ತೆ. ಇವತ್ತು ರಾತ್ರಿ ಮಗಳನ್ನು ಕೂರಿಸಿಕೊಂಡು ಮೂರು ಕ್ಯಾಂಪಸ್‌ನ ಬಯಾಲಜಿ ಪುಟ ತೆಗೆದು ನೋಡಿ. ಕೌನ್ಸೆಲರ್ ಹತ್ತಿರ ಹೋಗುವಾಗ ಅದರ ಪ್ರಿಂಟ್ ಕೈಯಲ್ಲಿರಲಿ.

ಪಿಪೆಟ್‌ಪುಟ್ಟಿ

ಕಾಫಿ ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಈಗ ಎರಡನೇ ವರ್ಷ ಮುಗಿಸಿದ್ದೇನೆ, ಸೆಪ್ಟೆಂಬರ್‌ಗೆ ಯೂಸಿಗೆ ಹೊರಟೆ. ಒಂದು ಸೇರಿಸ್ತೀನಿ: ಸರಣಿಯನ್ನು ಅರ್ಧಕ್ಕೆ ಬಿಟ್ಟು ಇನ್ನೊಂದು ಕಾಲೇಜಿಗೆ ಹಾರಬೇಡಿ. ಡಿ ಆಂಜಾ, ಫುಟ್‌ಹಿಲ್ ಎರಡೂ ಕ್ವಾರ್ಟರ್. ಮಿಶನ್, ವೆಸ್ಟ್ ವ್ಯಾಲಿ ಸೆಮಿಸ್ಟರ್. ಅಲ್ಲಿ ಅರ್ಧ ಇಲ್ಲಿ ಅರ್ಧ ಮಾಡಿದರೆ ಯಾವುದೂ ಪೂರ್ತಿ ಸಮ ಆಗಲ್ಲ. ನನ್ನ ಗೆಳತಿ ಪಾರ್ಕಿಂಗ್ ಹತ್ತಿರ ಅಂತ ಕಾಲೇಜು ಬದಲಿಸಿ ಬಯಾಲಜಿಯ ಒಂದು ಭಾಗ ಮತ್ತೆ ಓದುತ್ತಿದ್ದಾಳೆ.

ಮಲ್ಲಿಗೆಮೊಗ್ಗು

ಅಯ್ಯೋ, ಇಷ್ಟೆಲ್ಲಾ ಇದೆಯಾ? ರಾತ್ರಿ ಹನ್ನೆರಡರವರೆಗೆ ಅಮ್ಮ ಮಗಳು ಕೂತು ನೋಡಿದೆವು. ಅವಳು ನೋಟ್‌ಬುಕ್ಕಿನಲ್ಲಿ ಬಾಣ ಹಾಕಿ ಹಾಕಿ ರೈಲ್ವೆ ನಕ್ಷೆ ಮಾಡಿದ್ದಾಳೆ.

ಕೆಮ್ 1ಎ ಸೇರೋಕೆ ಮೊದಲು ಒಂದು ತಯಾರಿ ಕೋರ್ಸ್ ಇಲ್ಲವೇ ಪ್ಲೇಸ್‌ಮೆಂಟ್ (ಯಾವ ಮಟ್ಟದ ಕೋರ್ಸಿಗೆ ಸೇರಬಹುದು ಅಂತ ನೋಡುವ ಪರೀಕ್ಷೆ) ಬೇಕು ಅಂತಿದೆ. ಪಿಯುಸಿ ಕೆಮಿಸ್ಟ್ರಿ ಲೆಕ್ಕಕ್ಕೆ ಬರಲ್ವಾ? ಮತ್ತೆ ಇದೆಲ್ಲಾ ಎಷ್ಟು ಖರ್ಚು? ಬ್ಯಾಂಕ್ ಸಾಲ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ.

ಕೆಮಿಸ್ಟ್ರಿಮೇಷ್ಟ್ರು

ನಾನು ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಯಾವ ಕಾಲೇಜು ಅಂತ ಬೇಡ ಬಿಡಿ.

ಪಿಯುಸಿ ಇಲ್ಲಿ ಹೈಸ್ಕೂಲ್ ಲೆಕ್ಕ. ಕಾಲೇಜು ಕ್ರೆಡಿಟ್ ಸಿಗಲ್ಲ. ಆದರೆ ಪ್ಲೇಸ್‌ಮೆಂಟ್ ಪರೀಕ್ಷೆ ಇರುವ ಕಡೆ ಮಗಳು ಅದನ್ನು ಬರೆದು 1ಎಗೆ ನೇರ ಹೋಗಬಹುದು. ಬರೆಯೋದಿದ್ದರೆ ಇವತ್ತೇ ಡಿಪಾರ್ಟ್‌ಮೆಂಟ್‌ಗೆ ಇಮೇಲ್ ಹಾಕಿಸಿ, ಆಗಸ್ಟ್‌ವರೆಗೆ ಕಾಯಬೇಡಿ. ಅದು ಕೈಕೊಟ್ಟರೆ ತಯಾರಿ ಕೋರ್ಸನ್ನು ಬೇಸಿಗೆಯಲ್ಲೇ ಮುಗಿಸಬೇಕು. ಸೆಪ್ಟೆಂಬರ್‌ನಲ್ಲಿ ತಯಾರಿ ಕೋರ್ಸಿಗೆ ಕೂತರೆ ಕಾಫಿಪುಡಿಯವರು ಹೇಳಿದ ಬಾಲ ಕತ್ತರಿಸಿದಂತೆ.

ನಮ್ಮ ಕಡೆಯಿಂದ ಬಂದ ಮಕ್ಕಳ ಬಗ್ಗೆ ಒಂದು ಮಾತು. ಮೋಲ್ ಲೆಕ್ಕ, ಸಮೀಕರಣ, ವ್ಯಾಖ್ಯಾನ ಎಲ್ಲಾ ನಾಲಿಗೆ ತುದಿಯಲ್ಲಿರುತ್ತೆ. ಮೊದಲ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಎರಡನೆಯದರಲ್ಲಿ ಬೀಳುತ್ತಾರೆ. ಯಾಕೆ ಗೊತ್ತಾ? "ಇದು ಗೊತ್ತು" ಅಂತ ಹೋಮ್‌ವರ್ಕ್ ಬಿಟ್ಟಿರುತ್ತಾರೆ, ಆಫೀಸ್ ಅವರ್‌ಗೆ (ಅನುಮಾನ ಕೇಳೋಕೆ ಮೇಷ್ಟ್ರು ರೂಮಿನಲ್ಲಿ ಕೂತಿರುವ ಸಮಯ) ಬರೋಕೆ ನಾಚಿಕೆ. ಆಫೀಸ್ ಅವರ್ ಅಂದರೆ ಶಿಕ್ಷೆ ಅಂದುಕೊಂಡಿರುತ್ತಾರೆ, ಊರಲ್ಲಿ ಸ್ಟಾಫ್‌ರೂಮಿಗೆ ಕರೆಸಿಕೊಂಡರೆ ಬೈಗುಳ ಗ್ಯಾರಂಟಿ ಇತ್ತಲ್ಲ. ನಾನು ಖಾಲಿ ರೂಮಿನಲ್ಲಿ ಒಬ್ಬನೇ ಟೀ ಕುಡಿದುಕೊಂಡು ಕೂತಿರ್ತೀನಿ. ಬನ್ನಿ ಅಂತ ಹೇಳಿ ಹೇಳಿ ಸಾಕಾಗಿದೆ.

ಪಿಪೆಟ್‌ಪುಟ್ಟಿ

ಮೇಷ್ಟ್ರೇ, ಅದು ನಾನೇ! ನಾನು ಬೆಂಗಳೂರಲ್ಲಿ ಹತ್ತನೇ ಕ್ಲಾಸ್‌ವರೆಗೆ ಓದಿ ಬಂದವಳು. ಜೀವಕೋಶ ಆಹಾರದಿಂದ ಶಕ್ತಿ ತೆಗೆಯುವ ಕ್ರೆಬ್ಸ್ ಸೈಕಲ್ ಹಾಡಿನ ಥರ ಬರುತ್ತಿತ್ತು. ಸೆಲ್ ಬಯಾಲಜಿ ಮೊದಲ ಮಿಡ್‌ಟರ್ಮ್‌ನಲ್ಲಿ ಸೈಕಲ್ ಬರೆಯಿರಿ ಅಂತ ಕೇಳಲೇ ಇಲ್ಲ. ಕೇಳಿದ್ದು ಹೀಗೆ: ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಪ್ರೋಟಾನ್ ಸೋರುವ ಹಾಗೆ ಒಂದು ರಾಸಾಯನಿಕ ಹಾಕಿದರೆ, ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಏನಾಗುತ್ತೆ, ಆಕ್ಸಿಜನ್ ಬಳಕೆ ಏನಾಗುತ್ತೆ? ನಾನು ಎರಡೂ ನಿಲ್ಲುತ್ತೆ ಅಂತ ಬರೆದೆ. ತಪ್ಪು. ಎಟಿಪಿ ತಯಾರಿ ಕುಸಿಯುತ್ತೆ, ಆಕ್ಸಿಜನ್ ಉರಿಯುತ್ತಲೇ ಇರುತ್ತೆ, ಇನ್ನೂ ಜೋರಾಗಿ. ತೂತಾದ ಟ್ಯಾಂಕಿಗೆ ಪಂಪು ಓಡಿದ ಹಾಗೆ. ಶಕ್ತಿ ಎಲ್ಲಾ ಬಿಸಿಯಾಗಿ ಹೋಗುತ್ತೆ. ನನಗೆ ಬಂದಿದ್ದು ಸಿ ಪ್ಲಸ್. ಮನೆಯಲ್ಲಿ ಹೇಳಲಿಲ್ಲ, ಆಫೀಸ್ ಅವರ್‌ಗೆ ಹೋದೆ.

ಲ್ಯಾಬ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಒಂದು ಕ್ಲಾಸ್‌ನಲ್ಲಿ ಮೂವತ್ತು ಜನರೂ ಇರಲ್ಲ. ಮೈಕ್ರೋಪಿಪೆಟ್ ಅಂತ ಒಂದು ಪೆನ್ ಥರದ್ದು ಇರುತ್ತೆ. ಬಟನ್‌ಗೆ ಎರಡು ಹಂತ. ಮೊದಲ ಹಂತದವರೆಗೆ ಒತ್ತಿ ದ್ರವ ಎಳೆದುಕೊಳ್ಳಬೇಕು, ಬಿಡುವಾಗ ಎರಡನೇ ಹಂತದವರೆಗೆ ಒತ್ತಬೇಕು. ಎಳೆಯುವಾಗಲೇ ಎರಡಕ್ಕೆ ಒತ್ತಿದರೆ ಅಳತೆ ಹಾಳು. ಮೊದಲ ವಾರ ಬರೀ ಬಣ್ಣದ ನೀರು ಹಾಕಿ ಹಾಕಿ ಹೆಬ್ಬೆರಳು ನೋಯುತ್ತಿತ್ತು.

ಆಮೇಲೆ ಜೆಲ್. ಅಗರೋಸ್ ಜೆಲ್ ಅಂದರೆ ನೋಡೋಕೆ ಅಕ್ಕಿ ಹಾಲುಬಾಯಿ ತಟ್ಟೆಗೆ ಸುರಿದು ಆರಲು ಬಿಟ್ಟ ಹಾಗೆ. ಒಂದು ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಂಡಿ. ನೀಲಿ ಬಣ್ಣ ಬೆರೆಸಿದ ಡಿಎನ್‌ಎಯನ್ನು ಆ ಗುಂಡಿಗೆ ಇಳಿಸಬೇಕು, ತಳ ಚುಚ್ಚಬಾರದು. ಎಲ್ಲರ ಕೈ ನಡುಗುತ್ತಿತ್ತು. ನನ್ನದು ನಡುಗಲಿಲ್ಲ. ಚಿಕ್ಕಂದಿನಿಂದ ಅಜ್ಜಿ ಜೊತೆ ರಂಗೋಲಿ ಎಳೆ ಬಿಟ್ಟ ಕೈ. ಪ್ರೊಫೆಸರ್ ಬಂದು ನಿಂತು ನೋಡಿದರು. ಉಬ್ಬಿಹೋದೆ. ಆ ಉಬ್ಬಿನಲ್ಲಿ ಕೆಂಪು ವೈರು ಕಪ್ಪು ವೈರು ಅದಲು ಬದಲು ಮಾಡಿಬಿಟ್ಟೆ. ಡಿಎನ್‌ಎಗೆ ನೆಗೆಟಿವ್ ಚಾರ್ಜ್, ಕೆಂಪಿನ ಕಡೆಗೆ ಓಡುತ್ತೆ. ನನ್ನ ಡಿಎನ್‌ಎ ಜೆಲ್ ಒಳಗೆ ಬರುವ ಬದಲು ಹಿಂದಕ್ಕೆ ಓಡಿ ಸುತ್ತಲಿನ ಬಫರ್ ದ್ರವದಲ್ಲಿ ಕರಗಿಹೋಯಿತು. ಮೂರು ಗಂಟೆಯ ಕೆಲಸ.

ಕಾಫಿಪುಡಿ

ಹಾಲುಬಾಯಿ! ಇನ್ನು ಮೇಲೆ ನಾನು ಜೆಲ್ ಸುರಿಯುವಾಗಲೆಲ್ಲಾ ಇದೇ ನೆನಪಾಗುತ್ತೆ. ವೈರು ನಾನೂ ತಿರುಗಿಸಿದ್ದೇನೆ, ಕೆಲಸಕ್ಕೆ ಸೇರಿದ ಮೇಲೆ. ಸಂಬಳ ತಗೊಂಡು.

ಖರ್ಚಿನ ಮಾತಿಗೆ ಬರ್ತೀನಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ (ಯೂನಿಟ್ ಅಂದರೆ ಕ್ರೆಡಿಟ್) 46 ಡಾಲರ್. ಡಿ ಆಂಜಾ, ಫುಟ್‌ಹಿಲ್‌ನಲ್ಲಿ ಕ್ವಾರ್ಟರ್ ಯೂನಿಟ್‌ಗೆ 31. ಕ್ವಾರ್ಟರ್‌ಗೆ 15 ಯೂನಿಟ್ ಅಂದುಕೊಂಡರೆ 465, ಮೂರು ಕ್ವಾರ್ಟರ್‌ಗೆ 1,395. ಮೇಲೆ ಚಿಲ್ಲರೆ ಫೀಸುಗಳು. ಯೂಸಿಯಲ್ಲಿ ನಿವಾಸಿಗಳಿಗೇ ವರ್ಷಕ್ಕೆ 15 ಸಾವಿರದ ಆಸುಪಾಸು, ರೂಮು ಊಟ ಬೇರೆ. ಬಯಾಲಜಿ ಪುಸ್ತಕ ಕೊಳ್ಳುವ ಮೊದಲು ಪ್ರೊಫೆಸರ್‌ನ ಕೇಳಿ, ಕೆಲವರು ಓಪನ್‌ಸ್ಟ್ಯಾಕ್ಸ್‌ನ ಉಚಿತ ಪುಸ್ತಕವೇ ಸಾಕು ಅಂತಾರೆ.

ನಿವಾಸಿ ಅನ್ನಿಸಿಕೊಳ್ಳೋಕೆ ಎಚ್-1ಬಿ, ಎಚ್-4 ಅಡ್ಡಿಯಲ್ಲ. ಒಂದು ವರ್ಷ ಒಂದು ದಿನ ಇಲ್ಲಿದ್ದ ದಾಖಲೆ, ಇಲ್ಲೇ ಇರುವ ಉದ್ದೇಶ ತೋರಿಸಬೇಕು. ಮಗಳಿಗೆ ಇನ್ನೂ 18 ಆಗಿಲ್ಲ, ಅಪ್ಪನ ವಾಸವೇ ಅವಳ ಲೆಕ್ಕಕ್ಕೆ ಬರುತ್ತೆ. ಯಜಮಾನರ ಟ್ಯಾಕ್ಸ್ ಪೇಪರ್, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಹಿಡಿದುಕೊಂಡು ಅಡ್ಮಿಶನ್ಸ್ ಆಫೀಸಿಗೆ ಹೋಗಿ. ನವೆಂಬರ್‌ಗೆ ಮೊದಲು ಸೇರುವುದರಲ್ಲಿ ಅನುಕೂಲ ಇದೆ.

ಇನ್ನೊಂದು ಗಡಿಯಾರ ಇದೆ. ಯಾರೂ ಎತ್ತಿಲ್ಲ, ಎತ್ತಲೇಬೇಕು. ಎಚ್-4 ಮಕ್ಕಳಿಗೆ 21 ತುಂಬಿದ ದಿನ ಎಚ್-4 ಮುಗಿಯಿತು. ಈ ಸೆಪ್ಟೆಂಬರ್‌ಗೆ ಸೇರಿ ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆದರೆ, ಯೂಸಿಯ ಮೊದಲ ವರ್ಷ ಪೂರ್ತಿ ಎಚ್-4ನಲ್ಲೇ ಕಳೆಯುತ್ತೆ. ಕೊನೆಯ ವರ್ಷದ ನವೆಂಬರ್‌ನಲ್ಲಿ 21. ಕಮ್ಯೂನಿಟಿ ಕಾಲೇಜಿನಲ್ಲೇ ಮೂರು ವರ್ಷ ಆದರೆ, ಯೂಸಿಗೆ ಕಾಲಿಟ್ಟ ಎರಡೇ ತಿಂಗಳಿಗೆ 21. ಆಗ ಎಫ್-1ಗೆ, ಅಂದರೆ ವಿದ್ಯಾರ್ಥಿ ವೀಸಾಕ್ಕೆ, ಬದಲಾಗಬೇಕು. ಎಫ್-1ನವರಿಗೆ ನಿವಾಸಿ ಶುಲ್ಕ ಸಾಮಾನ್ಯವಾಗಿ ಸಿಗಲ್ಲ. ಯೂಸಿಯಲ್ಲಿ ಹೊರಗಿನವರ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30 ಸಾವಿರ ಡಾಲರ್ ದಾಟುತ್ತೆ. ಹಾಗಾಗಿ ನಿಮ್ಮ ಮನೆಯ ಮಟ್ಟಿಗೆ ಕೆಮ್ 1ಎ ಸೆಪ್ಟೆಂಬರ್‌ನಲ್ಲಿ ಸಿಗುತ್ತೋ ಇಲ್ಲವೋ ಅನ್ನೋದು ಬರೀ ಓದಿನ ಪ್ರಶ್ನೆ ಅಲ್ಲ. ಪ್ರತಿ ಯೂಸಿ ಕ್ಯಾಂಪಸ್‌ನಲ್ಲೂ ರೆಸಿಡೆನ್ಸ್ ಡೆಪ್ಯುಟಿ ಅಂತ ಒಬ್ಬರಿರುತ್ತಾರೆ. ನಡುವೆ ವೀಸಾ ಬದಲಾದರೆ ಏನು ಅಂತ ಅವರನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಎತ್ತಿಟ್ಟುಕೊಳ್ಳಿ. ವೀಸಾಕ್ಕೆ ವಕೀಲರು, ನಾವಲ್ಲ.

ಮಲ್ಲಿಗೆಮೊಗ್ಗು

ಈ 21ರ ವಿಷಯ ಯಜಮಾನರಿಗೆ ಗೊತ್ತಿತ್ತಂತೆ. ನನಗೆ ಹೇಳಿರಲಿಲ್ಲ. ಈಗ ಅವರ ಜೊತೆ ಮಾತಾಡಬೇಕು. ಆಮೇಲೆ ಬರ್ತೀನಿ.

ಕುಪರ್ಟಿನೋಮಾವ

ಹಾಗಾದರೆ ನಾನು ಹೇಳಿದ ಒಂದು ವರ್ಷ ಮನೆಯಲ್ಲಿ ಕೂರಿಸೋದು ಸರಿಯಲ್ಲ. ಒಪ್ಪಿದೆ. ಎಚ್-4 ಅಂತ ನಾನು ಯೋಚಿಸಿರಲಿಲ್ಲ. ನನ್ನ ಮಕ್ಕಳು ಇಲ್ಲೇ ಹುಟ್ಟಿದವರು.

ಆದರೂ ಒಂದು ಅನುಮಾನ. ಬರ್ಕ್ಲಿ, ಯೂಸಿಎಲ್‌ಎ ಇಂಥ ಕಡೆ ಇವರನ್ನು ತಗೊಳ್ತಾರಾ?

ಪಿಪೆಟ್‌ಪುಟ್ಟಿ

ತಗೊಳ್ತಾರೆ ಮಾವ, ನಾನು ಹೋಗ್ತಿರೋದು ಅದರಲ್ಲೊಂದಕ್ಕೇ. ಆದರೆ ಅಲ್ಲಿ ಗ್ಯಾರಂಟಿ ಇಲ್ಲ, ಪೈಪೋಟಿ ಜೋರು.

ಗ್ಯಾರಂಟಿ ಬೇಕಂದರೆ ಟ್ಯಾಗ್ ಅಂತ ಒಂದಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ಈ ಆರು ಕ್ಯಾಂಪಸ್‌ಗಳು ಇಷ್ಟು ಕೋರ್ಸು, ಇಷ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ) ಇದ್ದರೆ ಸೀಟು ಖಚಿತ ಅಂತ ಮೊದಲೇ ಬರೆದುಕೊಡುತ್ತವೆ. ಬರ್ಕ್ಲಿ, ಯೂಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಟ್ಯಾಗ್ ಒಂದೇ ಕ್ಯಾಂಪಸ್‌ಗೆ ಹಾಕಬಹುದು. ಸೆಪ್ಟೆಂಬರ್ 1ರಿಂದ 30, ಒಂದು ದಿನ ತಪ್ಪಿದರೂ ಆ ವರ್ಷಕ್ಕೆ ಮುಗಿಯಿತು. ಟ್ಯಾಗ್ ಹಾಕಿದವರೂ ಅಕ್ಟೋಬರ್-ನವೆಂಬರ್‌ನಲ್ಲಿ ಮಾಮೂಲಿ ಯೂಸಿ ಅರ್ಜಿ ಹಾಕಲೇಬೇಕು, ಅದರಲ್ಲಿ ಉಳಿದ ಕ್ಯಾಂಪಸ್‌ಗಳನ್ನೂ ಸೇರಿಸಬಹುದು. ಜನವರಿಯಲ್ಲಿ ಹೊಸ ಗ್ರೇಡ್ ತುಂಬಿಸಬೇಕು. ನನಗೆ ಗೊತ್ತಿರೋ ಒಬ್ಬ ಇದನ್ನು ಮರೆತು ಫೆಬ್ರವರಿ ಪೂರ್ತಿ ಅಳುತ್ತಿದ್ದ.

ಯೋಚಿಸಬೇಕಾದ್ದು ಇದು: ಎರಡನೇ ವರ್ಷದ ಶುರುವಿನಲ್ಲೇ ಅರ್ಜಿ ಹೋಗುತ್ತೆ. ಆಗ ಅವರ ಕೈಯಲ್ಲಿರೋದು ಮೊದಲ ವರ್ಷದ ಗ್ರೇಡ್ ಮಾತ್ರ. ಹೊಸ ದೇಶ, ಹೊಸ ಪದ್ಧತಿ, ಅಭ್ಯಾಸ ಆಗಲಿ ಅಂತ ಮೊದಲ ಕ್ವಾರ್ಟರ್ ಸುಮ್ನೆ ಕಳೆಯುವ ಹಾಗಿಲ್ಲ. ಅದೇ ಕಾರಣಕ್ಕೆ ಮೊದಲ ಕ್ವಾರ್ಟರ್‌ಗೆ ಕೆಮಿಸ್ಟ್ರಿ, ಕ್ಯಾಲ್ಕುಲಸ್, ಇಂಗ್ಲಿಷ್ ಮೂರೇ ಸಾಕು. ಆರ್ಗ್ಯಾನಿಕ್ ಮತ್ತು ಬಯಾಲಜಿ ಒಟ್ಟಿಗೆ ಎರಡನೇ ವರ್ಷ. ಆ ವರ್ಷ ಯಾವ ಮದುವೆಗೂ ಊರಿಗೆ ಕರಕೊಂಡು ಹೋಗಬೇಡಿ.

ಗಿರ್ಮಿಟ್

ನಾ ಆಸ್ಟಿನ್‌ದಾಗ ಇರಾಂವ, ಹುಬ್ಬಳ್ಳಿಯವ. ಟೆಕ್ಸಸ್‌ನಲ್ಲಿ ಇಷ್ಟು ಬಾಣ ಹಾಕೋ ತ್ರಾಸ ಇಲ್ಲ ನೋಡ್ರಿ. ಇಡೀ ರಾಜ್ಯಕ್ಕೆ ಕೋರ್ಸ್ ನಂಬರ್ ಒಂದೇ. ಬಯಾಲಜಿ 1406, 1407 ಅಂದರೆ ಯಾವ ಊರಿನ ಕಮ್ಯೂನಿಟಿ ಕಾಲೇಜಾದರೂ ಅದೇ ಕೋರ್ಸು. ನನ್ನ ಮಗ ಅಲ್ಲೇ ಮುಗಿಸಿ ಯೂನಿವರ್ಸಿಟಿಗೆ ಹೋದ. ನಿಮ್ಮ ಕ್ಯಾಲಿಫೋರ್ನಿಯಾ ಈಗ ತಾನೇ ಅದನ್ನು ಶುರು ಮಾಡಿದೆಯಂತೆ?

ಕೆಮಿಸ್ಟ್ರಿಮೇಷ್ಟ್ರು

ಹೌದು, 2021ರಲ್ಲಿ ಕಾನೂನು ಆಯಿತು, 2025ರಲ್ಲಿ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್ ಥರದ ಕೆಲವು ಕೋರ್ಸುಗಳ ನಂಬರ್ ಬದಲಾಯಿತು. 116 ಕಾಲೇಜುಗಳನ್ನು ಒಂದೇ ದಾರಕ್ಕೆ ಪೋಣಿಸಬೇಕಲ್ಲ, ನಿಧಾನ. ಹಳೆಯ ನಂಬರ್ ಇರುವ ಬ್ಲಾಗ್ ಓದಿ ಗೊಂದಲ ಮಾಡಿಕೊಳ್ಳಬೇಡಿ.

ದಾವಣಗೆರೆಬೆಣ್ಣೆ

ಸರ್, ಮೇಡಂ, ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮೊದಲ ವರ್ಷ. ನನಗೂ ಇದೇ ಥರ ಕಮ್ಯೂನಿಟಿ ಕಾಲೇಜಿಗೆ ಬರಬೇಕು. 1,395 ಡಾಲರ್ ಅಂದರೆ ಇಲ್ಲಿನ ಖಾಸಗಿ ಕಾಲೇಜಿಗಿಂತ ಕಡಿಮೆ ಅಲ್ವಾ?

ಕಾಫಿಪುಡಿ

ತಮ್ಮಾ, ಆ ಲೆಕ್ಕ ನಿವಾಸಿಗಳಿಗೆ. ನೀನು ಎಫ್-1 ಮೇಲೆ ಬರಬೇಕು, ಆಗ ಯೂನಿಟ್‌ಗೆ ಇದರ ಎಷ್ಟೋ ಪಟ್ಟು. ಮೇಲೆ ಬೇ ಏರಿಯಾ ಬಾಡಿಗೆ. ಟ್ರಾನ್ಸ್‌ಫರ್ ಆದ ಮೇಲೂ ಹೊರಗಿನವರ ಶುಲ್ಕ. ಟ್ಯಾಗ್ ಎಫ್-1ನವರಿಗೂ ಇದೆ, ದಾರಿ ಮುಚ್ಚಿಲ್ಲ. ಆದರೆ ಅಪ್ಪನ ಹೊಲ ಅಡ ಇಡುವ ಯೋಚನೆ ಇದ್ದರೆ ಬೇಡ. ಅಲ್ಲೇ ಬಿಎಸ್ಸಿ ಚೆನ್ನಾಗಿ ಮುಗಿಸು, ಲ್ಯಾಬ್ ಕೆಲಸ ಕಲಿ, ಸ್ಟೈಪೆಂಡ್ ಸಿಗುವ ಪಿಎಚ್‌ಡಿಗೆ ಬಾ. ನನ್ನ ಪಕ್ಕದ ಬೆಂಚಿನವಳು ಹಾಗೇ ಬಂದವಳು.

ದಾವಣಗೆರೆಬೆಣ್ಣೆ

ಹೊಲದ ವಿಷಯ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ.

ಮಲ್ಲಿಗೆಮೊಗ್ಗು

ಎರಡು ವಾರ ಆಯಿತು, ಈಗ ಬಂದೆ. ಯಜಮಾನರ ಜೊತೆ ಮಾತಾಯಿತು, ಸ್ವಲ್ಪ ಜೋರಾಗೇ ಆಯಿತು. ವಕೀಲರನ್ನೂ ಕಂಡೆವು. ಅಡ್ಮಿಶನ್ಸ್ ಆಫೀಸಿನಲ್ಲಿ ಅಪ್ಪನ ಪೇಪರ್ ನೋಡಿ ನಿವಾಸಿ ಅಂತ ಒಪ್ಪಿದರು. ಮಗಳು ಕೆಮಿಸ್ಟ್ರಿ ಪ್ಲೇಸ್‌ಮೆಂಟ್ ಬರೆದು ಪಾಸಾದಳು!

ಇನ್ನು ಎರಡು ಪ್ರಶ್ನೆ. ಒಂದು, ಬಯಾಲಜಿ ಲ್ಯಾಬ್‌ನಲ್ಲಿ ಪ್ರಾಣಿ ಕುಯ್ಯಬೇಕಾ? ನಮ್ಮ ಮನೆಯಲ್ಲಿ ಮೊಟ್ಟೆ ಸಹ ಇಲ್ಲ. ಇವಳು ಜಿರಳೆಯ ಒಳಗನ್ನು ಪಿಯುಸಿಯಲ್ಲಿ ಚಾರ್ಟಿನಲ್ಲಿ ನೋಡಿದ್ದಷ್ಟೇ. ಎರಡು, ಮುಂದೆ ಮನಸ್ಸು ಬದಲಾಗಿ ಮೆಡಿಕಲ್ ಬೇಕು ಅಂದರೆ? (ಇದು ಅವಳ ಪ್ರಶ್ನೆ ಅಲ್ಲ, ಅತ್ತೆಯದು.)

ಪಿಪೆಟ್‌ಪುಟ್ಟಿ

ಪ್ಲೇಸ್‌ಮೆಂಟ್ ಪಾಸ್! ಸೂಪರ್.

ಕುಯ್ಯಬೇಕಾಗುತ್ತೆ, ರೂಪ-ರಚನೆ ಹೇಳುವ ಕ್ವಾರ್ಟರ್‌ನಲ್ಲಿ. ನನಗೆ ಕುರಿ ಹೃದಯ ಬಂದಿತ್ತು. ಮುಟ್ಟಲ್ಲ ಅಂದುಕೊಂಡು ಹೋದವಳು, ಒಳಗೆ ಕವಾಟಕ್ಕೆ ಕಟ್ಟಿದ ಆ ಬಿಳಿ ದಾರಗಳನ್ನು ನೋಡಿ ಗ್ಲೌಸ್ ಹಾಕಿದ ಬೆರಳು ತೂರಿಸಿ ಅರ್ಧ ಗಂಟೆ ಕೂತೆ. ಛತ್ರಿಯ ಕಡ್ಡಿ ಇದ್ದ ಹಾಗೆ ಇರುತ್ತೆ. ತೀರಾ ಆಗಲ್ಲ ಅನ್ನುವವರು ಮೊದಲ ವಾರವೇ ಪ್ರೊಫೆಸರ್ ಹತ್ತಿರ ಮಾತಾಡಬೇಕು, ಕೆಲವರು ಬೇರೆ ದಾರಿ ಕೊಡುತ್ತಾರೆ, ಕೆಲವರು ಕೊಡಲ್ಲ. ಕುಯ್ಯೋದಕ್ಕಿಂತ ಭಯ ಲ್ಯಾಬ್ ಪ್ರಾಕ್ಟಿಕಲ್. ಟೇಬಲ್ ಸುತ್ತ ಅಂಗಾಂಗಗಳು, ಒಂದೊಂದಕ್ಕೂ ಬಣ್ಣದ ಗುಂಡುಪಿನ್ನು. ಗಂಟೆ ಹೊಡೆದರೆ ಮುಂದಿನ ಟೇಬಲ್. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಪಿನ್ನು ಚುಚ್ಚಿದ್ದು ರಕ್ತನಾಳಕ್ಕಾ ಅದರ ಪಕ್ಕದ್ದಕ್ಕಾ ಅಂತ ಬಗ್ಗಿ ನೋಡುವಷ್ಟರಲ್ಲಿ ಟಣ್.

ಕಾಫಿಪುಡಿ

ಅತ್ತೆಯ ಪ್ರಶ್ನೆಗೆ ನಾನು. ಮೆಡಿಕಲ್ ಸ್ಕೂಲಿಗೆ ಇಲ್ಲಿ ಸಾಮಾನ್ಯವಾಗಿ ಡಿಗ್ರಿ ಆದಮೇಲೇ ಸೇರೋದು. ಅದರ ಅರ್ಜಿಯಲ್ಲಿ ಕಮ್ಯೂನಿಟಿ ಕಾಲೇಜಿನ ಪ್ರತಿ ಗ್ರೇಡೂ ಲೆಕ್ಕಕ್ಕೆ ಬರುತ್ತೆ. ಒಂದು ಕೋರ್ಸಿನಲ್ಲಿ ಕಡಿಮೆ ಬಂದು ಮತ್ತೆ ಬರೆದು ಎ ತೆಗೆದರೂ, ಹಳೆಯದನ್ನೂ ಸೇರಿಸಿಯೇ ಜಿಪಿಎ ಲೆಕ್ಕ ಹಾಕುತ್ತಾರೆ. ಆಮೇಲೆ ಯೂನಿವರ್ಸಿಟಿಗೆ ಹೋದ ಮೇಲೆ ಮೇಲಿನ ಮಟ್ಟದ ಬಯಾಲಜಿ ಕೋರ್ಸುಗಳಲ್ಲಿ ಚೆನ್ನಾಗಿ ಮಾಡಿ ತೋರಿಸಬೇಕು. ಗ್ರೀನ್ ಕಾರ್ಡ್ ಇಲ್ಲದವರನ್ನು ತಗೊಳ್ಳುವ ಮೆಡಿಕಲ್ ಸ್ಕೂಲುಗಳು ಕಡಿಮೆ, ಅದನ್ನೂ ಅತ್ತೆಗೆ ಮೆಲ್ಲಗೆ ಹೇಳಿ.

ಟ್ರಾನ್ಸ್‌ಫರ್‌ನ ಕಷ್ಟದ ಭಾಗವನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಬರೀ ಜಾಹೀರಾತಾಗುತ್ತೆ. ಡೇವಿಸ್‌ನಲ್ಲಿ ನನ್ನ ಮೊದಲ ಕ್ವಾರ್ಟರ್ ಭಯಂಕರ. ಕ್ವಾರ್ಟರ್ ಹತ್ತೇ ವಾರ. ಮೂವತ್ತು ಜನರ ಕ್ಲಾಸಿನಿಂದ ಬಂದವಳು ಮುನ್ನೂರು ಜನರ ನಡುವೆ ಕೂತೆ. ಪ್ರೊಫೆಸರ್‌ಗೆ ನನ್ನ ಹೆಸರು ಗೊತ್ತಿಲ್ಲ. ಉಳಿದವರಿಗೆಲ್ಲಾ ಎರಡು ವರ್ಷದ ಗೆಳೆಯರಿದ್ದರು, ಯಾವ ಪ್ರೊಫೆಸರ್ ಲ್ಯಾಬ್‌ಗೆ ಸೇರಿಸಿಕೊಳ್ತಾರೆ ಅಂತ ಗೊತ್ತಿತ್ತು. ನನಗಿದ್ದದ್ದು ಎರಡೇ ವರ್ಷ. ಆರನೇ ವಾರ ಅಮ್ಮನಿಗೆ ಫೋನ್ ಮಾಡಿ ವಾಪಸ್ ಬರ್ತೀನಿ ಅಂದೆ. ಅಮ್ಮ "ಊಟ ಆಯ್ತಾ?" ಅಂದರು. ಆಗಿರಲಿಲ್ಲ.

ಲ್ಯಾಬ್ ಸೇರೋಕೆ ಹದಿನಾಲ್ಕು ಇಮೇಲ್ ಕಳಿಸಿದೆ. ಎರಡಕ್ಕೆ ಉತ್ತರ ಬಂತು. ಅದರಲ್ಲೊಂದು ಗಿಡಗಳ ವೈರಸ್ ಲ್ಯಾಬ್. ಅಲ್ಲಿ ಪಾತ್ರೆ ತೊಳೆಯೋದರಿಂದ ಶುರು. "ಪಿಪೆಟ್ ಹಿಡಿಯೋಕೆ ಬರುತ್ತಾ?" ಅಂತ ಕೇಳಿದಾಗ ಬರುತ್ತೆ ಅಂದೆ. ಆ ಕಮ್ಯೂನಿಟಿ ಕಾಲೇಜಿನ ಸಣ್ಣ ಲ್ಯಾಬ್‌ನಲ್ಲಿ ನಾನೇ ಕೈಯಾರೆ ಎಲ್ಲಾ ಮಾಡಿದ್ದೆ. ದೊಡ್ಡ ಕ್ಲಾಸಿನಿಂದ ಬಂದ ಎಷ್ಟೋ ಜನ ಗುಂಪಿನ ಹಿಂದೆ ನಿಂತು ನೋಡಿದ್ದಷ್ಟೇ.

ಮಗಳಿಗೆ ಹೇಳಿ: ಎನ್‌ಎಸ್‌ಎಫ್‌ನ (ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆ) ಬೇಸಿಗೆ ರಿಸರ್ಚ್ ಕಾರ್ಯಕ್ರಮಗಳು ನಾಗರಿಕರಿಗೆ, ಗ್ರೀನ್ ಕಾರ್ಡ್‌ನವರಿಗೆ ಮಾತ್ರ. ಎಚ್-4 ಮೇಲೆ ಸಂಬಳದ ಕೆಲಸವೂ ಇಲ್ಲ. ಅದಕ್ಕೇ ಮೊದಲ ತಿಂಗಳಿಂದಲೇ ಪ್ರೊಫೆಸರ್‌ಗಳಿಗೆ ಮುಖ ಪರಿಚಯ ಮಾಡಿಕೊಳ್ಳಲಿ.

ಕುಪರ್ಟಿನೋಮಾವ

ಟ್ಯುಟೋರಿಯಲ್ ಅಂದಿದ್ದನ್ನು ವಾಪಸ್ ತಗೊಂಡೆ. ಅತ್ತೆಗೆ ಇನ್ನೊಂದು ಹೇಳಿ: 1984ರಲ್ಲಿ ಆಪಲ್ ಮೊದಲ ಮ್ಯಾಕಿಂಟಾಷ್ ತೋರಿಸಿದ್ದು ಡಿ ಆಂಜಾ ಕಾಲೇಜಿನ ಫ್ಲಿಂಟ್ ಸೆಂಟರ್‌ನಲ್ಲಿ. ಬಯಾಲಜಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಹಾಸನದಲ್ಲಿ ಯಾರು ಕೇಳ್ತಾರೆ?

ಮಲ್ಲಿಗೆಮೊಗ್ಗು

ಮಾವನವರೇ, ನಿಮ್ಮ ಮ್ಯಾಕಿಂಟಾಷ್ ಕೆಲಸ ಮಾಡಿತು. ಅತ್ತೆ ಬೀದಿಯವರಿಗೆಲ್ಲಾ "ಆಪಲ್ ಕಾಲೇಜು" ಅಂತ ಹೇಳಿಕೊಂಡು ಬಂದಿದ್ದಾರಂತೆ. ನಾನು ತಿದ್ದಲಿಲ್ಲ.

ನಿನ್ನೆ ರಿಜಿಸ್ಟ್ರೇಶನ್. ಹೊಸಬರಿಗೆ ಕೊನೆಯ ಸರದಿ. ಇಂಗ್ಲಿಷ್, ಕ್ಯಾಲ್ಕುಲಸ್ ಸಿಕ್ಕಿತು. ಕೆಮ್ 1ಎ ವೇಯ್ಟ್‌ಲಿಸ್ಟ್, ನಂಬರ್ 4. ಮಗಳು ಊಟ ಬಿಟ್ಟು ಫೋನ್ ಹಿಡಿದು ಕೂತಿದ್ದಾಳೆ.

ಕೆಮಿಸ್ಟ್ರಿಮೇಷ್ಟ್ರು

4 ಒಳ್ಳೆಯ ನಂಬರ್. ಫೀಸು ಕಟ್ಟದವರು, ಮನಸ್ಸು ಬದಲಿಸಿದವರು ಬಿಡುತ್ತಲೇ ಇರುತ್ತಾರೆ. ಮೊದಲ ದಿನ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರಲಿ. ಬರದವರ ಹೆಸರು ತೆಗೆದಾಗ ಎದುರಿಗೆ ಇದ್ದವರಿಗೆ ಸೀಟು. ಲ್ಯಾಬ್‌ಗೆ ಮುಚ್ಚಿದ ಶೂ, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಚಪ್ಪಲಿ ಹಾಕಿಕೊಂಡು ಬಂದವರನ್ನು ನಾನೇ ವಾಪಸ್ ಕಳಿಸಿದ್ದೇನೆ.

ಪಿಪೆಟ್‌ಪುಟ್ಟಿ

ಆಂಟಿ, ಗಾಗಲ್ಸ್ ಕೊಳ್ಳಬೇಡಿ. ನನ್ನದು ಇದೆ, ಎಡಗಡೆ ಸ್ವಲ್ಪ ಗೀಚಿದೆ ಅಷ್ಟೇ. ಆರ್ಗ್ಯಾನಿಕ್‌ಗೆ ಅಣುಗಳನ್ನು ಜೋಡಿಸುವ ಮಾಡೆಲ್ ಕಿಟ್ಟೂ ಕೊಡ್ತೀನಿ, ಅದರಲ್ಲಿ ಎರಡು ಹೈಡ್ರೋಜನ್ ಕಳೆದುಹೋಗಿವೆ. ಶುಕ್ರವಾರ ನಾಲ್ಕಕ್ಕೆ ಸನ್ನಿವೇಲ್ ಲೈಬ್ರರಿ ಹತ್ತಿರ ಬರ್ತೀನಿ. ಅವಳಿಗೆ ಆ ರೈಲ್ವೆ ನಕ್ಷೆ ತರೋಕೆ ಹೇಳಿ, ನೋಡಬೇಕು.